ಹೊಸ್ತಿಲಲ್ಲಿ ಬಾಕಿ ಉಳಿದ ಒಡಪು

ಹೆಸರು ಹಿಡಿದು ಕರೆಯಿರಿ ಎಂದು ಡಾಕ್ಟರು ಹೇಳಿದಾಗ ಅಂದಾನಪ್ಪ ಸರ್ ಡಾಕ್ಟರ ಮುಖವನ್ನೇ ನೋಡುತ್ತ ನಿಂತರು. ಕಟ್ಟಿಕೊಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ಅಂಥ ಘನಂದಾರಿ ಕೆಲಸವೇನಲ್ಲ. ಆದರೆ ಅವರು ಅದನ್ನು ಒಮ್ಮೆಯೂ ಮಾಡಿರಲಿಲ್ಲ. ಮನೆಯಲ್ಲಿ ನಡೆದದ್ದೆಲ್ಲ ‘ಏ ಇಲ್ಲಿ ನೋಡು’, ‘ಕೇಳ್ತೇನು’, ಇಲ್ಲವೇ ಬರೀ ಒಂದು ಕೆಮ್ಮು. ಕೆಮ್ಮಿದರೆ ಚಹಾ ಬರುತ್ತಿತ್ತು.

ಶಿವಗಂಗಾ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಕುಸಿದಿದ್ದಳು. ಮಿದುಳಿನಲ್ಲಿ ರಕ್ತನಾಳ ಒಡೆದಿದೆ, ಆಪರೇಷನ್ ಮಾಡಲೇಬೇಕು, ಆದರೂ ಖಾತ್ರಿಯಾಗಿ ಏನೂ ಹೇಳಲಾಗದು ಎಂದು ಡಾಕ್ಟರ್ ಪ್ರವೀಣಕುಮಾರ ತಿಳಿಸಿದ. ಅವನು ಸರ್ ಅವರದೇ ಶಿಷ್ಯ. ಥಿಯೇಟರ್ ಸಿದ್ಧವಾಗುವವರೆಗೆ ಅಮ್ಮಾವರನ್ನು ಮಾತಾಡಿಸುತ್ತಿರಿ, ಕಿವಿ ಕೇಳುತ್ತಿರಬಹುದು, ಪರಿಚಯದ ದನಿಗೆ ಕಣ್ಣು ಬಿಟ್ಟಾರು ಎಂದು ಹೇಳಿ ಹೋದ. ಮಗಳು ಮಹೇಶ್ವರಿ ಇನ್ನೂ ಹುಬ್ಬಳ್ಳಿಯಿಂದ ಬರುವ ದಾರಿಯಲ್ಲಿದ್ದಳು. ಮಾತಾಡಿಸಲು ಇದ್ದವರು ಇವರೊಬ್ಬರೇ.

ಮಾತು ಅವರ ಕಸುಬು. ಬಾಗಲಕೋಟೆಯ ಕಾಲೇಜೊಂದರಲ್ಲಿ ನಿವೃತ್ತಿಯಾಗುವ ತನಕ ಇಂಗ್ಲಿಷ್ ಕಾವ್ಯ ಕಲಿಸಿದವರು. ಕಾವ್ಯವೆಂದರೆ ಎದೆ ತುಂಬಿ ತಾನಾಗಿ ಉಕ್ಕುವ ಭಾವ, ಅದಕ್ಕೆ ಅಲಂಕಾರದ ಭಾಷೆ ಬೇಡ, ಜನ ಹೊಲದಲ್ಲಿ, ಒಲೆಯ ಮುಂದೆ ಆಡುವ ಮಾತೇ ಸಾಕು ಎಂಬ ರೊಮ್ಯಾಂಟಿಕ್ ಕವಿಗಳ ಸಿದ್ಧಾಂತ ಅವರಿಗೆ ವೇದವಾಕ್ಯ. ಜನರ ಮಾತೇ ಕಾವ್ಯದ ಮಾತೆಂದು ಅವರು ಯಾವ ಜನರಿಗೂ ತಿಳಿಯದ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು. ಶಿರೂರಿನಿಂದ ಬಸ್ಸಿಗೆ ಬಂದ ಹುಡುಗರು ತಲೆಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅಂತಾರಲ್ಲ, ಹಾಗೆ.

ಈ ಸಿದ್ಧಾಂತದ ಮೊದಲ ಪೆಟ್ಟು ಬಿದ್ದದ್ದು ಶಿವಗಂಗಾಳಿಗೇ. ಇಳಕಲ್ಲಿನಲ್ಲಿ ಮದುವೆಯಾಗಿ ಗಂಡನ ಮನೆಗೆ ಬಂದ ದಿನ, ನಮ್ಮ ಕಡೆಯ ರೂಢಿಯಂತೆ ನಾದಿನಿಯರು ಬಾಗಿಲಿಗೆ ಅಡ್ಡ ನಿಂತರು. ಒಡಪು ಕಟ್ಟಿ, ಪ್ರಾಸ ಹೊಂದಿಸಿ, ಕೊನೆಗೆ ಒಬ್ಬರ ಹೆಸರನ್ನೊಬ್ಬರು ಹೇಳಿದರೆ ಮಾತ್ರ ಒಳಗೆ ಪ್ರವೇಶ. ಶಿವಗಂಗಾ ಸೆರಗು ಸರಿಮಾಡಿಕೊಂಡು, ‘ಗೋಧಿ ಹುಗ್ಗಿ ಮ್ಯಾಲ ಹಾಲು ಸುರದೀನಿ, ಅಂದಾನಪ್ಪನವರ ಹೆಸರ ಎದಿಯಾಗ ಬರದೀನಿ’ ಎಂದು ಸರಾಗವಾಗಿ ಹೇಳಿಬಿಟ್ಟಳು. ಹೆಂಗಸರೆಲ್ಲ ಕೈತಟ್ಟಿದರು.

ಮದುಮಗನ ಸರದಿ ಬಂದಾಗ ಅವರು ಗಂಟಲು ಸರಿಮಾಡಿಕೊಂಡು ಪಾಠವನ್ನೇ ಶುರುಮಾಡಿದರು. ಹೊಂದಿಸಿದ ಪ್ರಾಸದಲ್ಲಿ ಸತ್ಯ ಇರುವುದಿಲ್ಲ, ಇದು ಕಟ್ಟಿದ ಭಾಷೆ, ನನ್ನೊಳಗೆ ಭಾವ ತಾನಾಗಿ ಉಕ್ಕಿದ ದಿನ ಹೆಸರು ಹೇಳುತ್ತೇನೆ ಎಂದರು. ನಾದಿನಿಯರಿಗೆ ನಿಂತು ನಿಂತು ಕಾಲು ನೋಯತೊಡಗಿದವು. ಸಾಕು ಬಾರಪಾ ಎಂದು ಒಳಗೆ ಬಿಟ್ಟರು. ಆ ಒಡಪು ಹಾಗೇ ಬಾಕಿ ಉಳಿಯಿತು.

ಒಡಪು ಯಾವಾಗ ಎಂದು ಶಿವಗಂಗಾ ಮೊದಮೊದಲು ಚೇಷ್ಟೆಗೆ ಕೇಳುತ್ತಿದ್ದಳು. ಯುಗಾದಿಗೆ, ಮಗಳು ಹುಟ್ಟಿದಾಗ, ಹಳೇ ಊರಿನ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋಗಿ ನವನಗರದ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದಾಗ. ಆ ದಿನ ಅವಳು ಪಾತೇಲಿ ಇಳಿಸುತ್ತ, “ಉಕ್ಕಿದ್ದು ಒಲಿ ಪಾಲ್ರಿ. ಉಣ್ಣಾಕ ಸಿಗೂದು ಪಾತೇಲಿಯೊಳಗ ಉಳದದ್ದು” ಎಂದಿದ್ದಳು. ಸರ್ ಅದನ್ನು ಕ್ಲಾಸಿನಲ್ಲಿ ನಗೆಚಟಾಕಿಯಾಗಿ ಹೇಳಿದರು. ಅವಳು ಮತ್ತೆ ಕೇಳಲಿಲ್ಲ.

ಈಗ ಆಸ್ಪತ್ರೆಯ ಮಂಚದ ಮೇಲೆ ಅವಳ ಉಗುರಿನಲ್ಲಿ ಜೋಳದ ಹಿಟ್ಟು ಒಣಗಿತ್ತು. ಸರ್ ಬಗ್ಗಿ ಮೊದಲು ತಾವೇ ಬರೆದ ಕವಿತೆಯ ಸಾಲು ಹೇಳಿದರು: ಓ ಜೀವನಸಖಿ, ಚಿರಂತನ ಜ್ಯೋತಿಯೇ. ಅವಳ ರೆಪ್ಪೆ ಅಲುಗಲಿಲ್ಲ. ಯಾಕೆ ಅಲುಗೀತು? ಅವಳನ್ನು ಯಾರೂ ಹಾಗೆ ಕರೆದವರಿಲ್ಲ. ಹೆಸರು ಕರೆಯೋಣವೆಂದರೆ ಹಳೇ ರೂಢಿಯ ಕೆಮ್ಮೇ ಬಂತು. ಈಗಲಾದರೂ ಉಕ್ಕಲಿ ಎಂದು ಕಾದರು. ಉಕ್ಕಿತು. ಭಾವವೇನೋ ಕಟ್ಟೆ ಒಡೆದು ಉಕ್ಕಿತು, ಆದರೆ ಅದರ ಜೊತೆ ಒಂದು ಶಬ್ದವೂ ಬರಲಿಲ್ಲ. ಬಂದದ್ದು ಅಳು, ಸಿಂಬಳ, ಬಿಕ್ಕು. ಇಷ್ಟು ವರ್ಷ ಕಲಿಸಿದ್ದು ಇದನ್ನೇ ಏನು ಎಂದು ಅವರಿಗೆ ತಮ್ಮ ಮೇಲೆಯೇ ಹೇಸಿಗೆ ಹುಟ್ಟಿತು.

ಸ್ಟ್ರೆಚರ್ ಬಂತು. ನರ್ಸ್ ಮುಬಶೀರಾ ಅವಳನ್ನು ಸಾಗಿಸಿಕೊಂಡು ಹೊರಟಳು. ಸರ್ ಅದರ ಕಂಬಿ ಹಿಡಿದು ಪಕ್ಕದಲ್ಲೇ ಓಡಿದರು. ಆಗ, ಹೇಗೋ, ಅವರ ಬಾಯಿಗೆ ಬಂದದ್ದು ಒಡಪು.

“ಬದಾಮಿ ಕಲ್ಲು ಕೆಂಪ,” ಎಂದರು, “ಹೊಂಡದ ನೀರು ತಂಪ...”

ಶಿವಗಂಗಾ ಕಣ್ಣು ಬಿಟ್ಟಳು. ಖರೆ, ಮುಬಶೀರಾಳೂ ನೋಡಿದಳು. ಕಣ್ಣು ಅವರ ಮೇಲೇ ನಿಂತಿತು. ಮುಂದೇನು ಎಂದು ಕಾಯುವ ನೋಟ ಅದು. ಮುಂದೆ ಹೆಸರು ಹೇಳಿದ್ದರೆ ಮುಗಿದಿತ್ತು. ಆದರೆ ಜನ್ಮವಿಡೀ ಪ್ರಾಸವನ್ನು ಹಳಿದ ಮನುಷ್ಯ ಆ ಗಳಿಗೆಯಲ್ಲಿ ಕೆಂಪ, ತಂಪಕ್ಕೆ ಹೊಂದುವ ಮೂರನೆಯ ಪ್ರಾಸ ಹುಡುಕುತ್ತ ನಿಂತರು. ಬರೀ ಹೆಸರು ಹೇಳಿದರೆ ಒಡಪು ಅರ್ಧವಾದೀತು, ಅವಳಿಗೆ ಪೂರಾ ಕೊಡಬೇಕು ಎಂಬ ಹಟ. ಸ್ಟ್ರೆಚರ್ ಒಳಗೆ ಹೋಯಿತು, ಬಾಗಿಲು ಮುಚ್ಚಿತು.

“ಕಂಪ,” ಎಂದು ಅವರು ಬಾಗಿಲಿಗೆ ಹೇಳಿದರು. “ಮನಿತುಂಬ ಒಗ್ಗರಣಿ ಕಂಪ.”

ಹಣೆಯನ್ನು ಬಾಗಿಲಿಗೆ ಹಚ್ಚಿ ನಿಂತರು. ಬೆಂಚಿನ ಮೇಲೆ ತುಳಸಿಗೇರಿಯ ಹನಮವ್ವ ಎಂಬ ಮುದುಕಿ ಕೂತಿದ್ದಳು. ಮೊಮ್ಮಗನ ಕಾಲು ಮುರಿದಿತ್ತಂತೆ. ಸರ್ ಅವರನ್ನು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಒಳಗಿರುವವರು ಯಾರೆಂದು ಕೇಳಿದಳು. ಮನೆಯವರು ಎಂದರು. ಹೆಸರೇನು ಎಂದಳು. ಹೇಳಲು ಬಾಯಿ ತೆರೆದವರು ತಡೆದುಕೊಂಡರು. ಹೆಂಡತಿಗೇ ಹೇಳದ್ದನ್ನು ಬೇರೆಯವರಿಗೆ ಹೇಗೆ ಹೇಳುವುದು? ಒಡಪು ಹಾಕಿ ಹೇಳಬೇಕಾಗಿದೆ ಎಂದರು. ಹನಮವ್ವ ನಗಲಿಲ್ಲ. ಹಂಗಾರ ಹೇಳ್ರಿ, ಕೇಳತೇನಿ ಎಂದು ಸೆರಗಿನಿಂದ ಕಿವಿ ಬಿಡಿಸಿಕೊಂಡಳು.

ಅವರು ಮತ್ತೆ ಮೊದಲಿನಿಂದ ಹಿಡಿದರು. ಕೆಂಪ, ತಂಪ, ಕಂಪ. ಹೆಸರಿನ ಹತ್ತಿರ ಬರುವಷ್ಟರಲ್ಲಿ ಥಿಯೇಟರಿನ ಬಾಗಿಲು ತೆರೆಯಿತು. ಪ್ರವೀಣಕುಮಾರ ಬಾಯಿಗೆ ಕಟ್ಟಿದ ಬಟ್ಟೆ ಇಳಿಸುತ್ತ ಬಂದ. ಆಪರೇಷನ್ ಇಷ್ಟು ಬೇಗ ಮುಗಿಯುವಂಥದಲ್ಲ. ಅವನ ಮುಖ ನೋಡಿದೊಡನೆ ಸರ್ ಅವರಿಗೆ ತಿಳಿಯಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಎತ್ತಿದರು.

“ತಡಿಯೋ ಪ್ರವೀಣ. ನಾ ಇನ್ನೂ ಹೆಸರು ಹೇಳಿಲ್ಲ.”

ಶಿಷ್ಯ ಕೈಕಟ್ಟಿ ನಿಂತ. ಸರ್ ಹೇಳತೊಡಗಿದರು.

“ಮನಿತುಂಬ ಒಗ್ಗರಣಿ ಕಂಪ ಮಾಡಿದಾಕಿ. ಹಳೇ ಮನಿ ನೀರಿಗೆ ಹೋದರ ಹೊಸಾ ಒಲಿ ಹೂಡಿದಾಕಿ. ಜ್ವರ ಬಂದಾಗೂ ರೊಟ್ಟಿ ಬಡದಾಕಿ. ನಾ ಬರೂತನಕ ಉಣ್ಣದ ಕುಂತಾಕಿ. ತಿಳೀದಿದ್ದರೂ ನನ್ನ ಕವಿತಾ ಕೇಳಿದಾಕಿ. ನಾ ಕೆಮ್ಮಿದರ ಎದ್ದಾಕಿ...”

ಹೆಸರು ಬಂದರೆ ಒಡಪು ಮುಗಿಯುತ್ತದೆ, ಒಡಪು ಮುಗಿದರೆ ಪ್ರವೀಣಕುಮಾರ ಮಾತಾಡುತ್ತಾನೆ. ಅಷ್ಟು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಅದಕ್ಕೇ ಸಾಲಿಗೆ ಸಾಲು ಸೇರಿಸುತ್ತ ಹೋದರು. ಹಪ್ಪಳ ಹಾಕಿದ್ದು, ಹೇನು ಹೆಕ್ಕಿದ್ದು, ಮಗಳಿಗೆ ಬೈದದ್ದು, ಅಂಗಿಯ ಗುಂಡಿ ಹಚ್ಚಿದ್ದು. ಎಷ್ಟೋ ಸಾಲಿಗೆ ಪ್ರಾಸ ಇರಲಿಲ್ಲ, ಕೆಲವಕ್ಕೆ ಅರ್ಥವೂ ಇರಲಿಲ್ಲ. ಉಸಿರು ಸಾಲದಾದಾಗ ನಿಲ್ಲಿಸಿ, ಮತ್ತೆ ಹಿಡಿದರು. ಹನಮವ್ವ ಅಳುತ್ತಿದ್ದಳು. ಪ್ರವೀಣಕುಮಾರ ಒಮ್ಮೆಯೂ ಗಡಿಯಾರ ನೋಡಲಿಲ್ಲ.

ಕೊನೆಗೆ ಹೇಳಲು ಏನೂ ಉಳಿಯಲಿಲ್ಲ. ಸರ್ ಎದ್ದು ನಿಂತರು, ಅಂಗಿ ಎಳೆದು ಸರಿಮಾಡಿಕೊಂಡರು.

“ಶಿವಗಂಗಾ,” ಎಂದರು.

ಆಮೇಲೆ ಡಾಕ್ಟರನ ಕಡೆ ತಿರುಗಿದರು.

“ಈಗ ಹೇಳಪಾ.”