ನಕ್ಷೆಯಲ್ಲಿಲ್ಲದ ರಸ್ತೆ

"ಇದೊಂದು ಹೋಯ್ತು ಅಂದ್ರೆ ಬಾಗಿಲು ಮುಚ್ಚಿದ ಹಾಗೆ," ಎಂದು ಕ್ಯಾಪ್ಟನ್ ಸೇತುವೆಯ ಕಟ್ಟೆಯನ್ನು ಅಂಗೈಯಿಂದ ತಟ್ಟಿದ. "ಅವರು ಆ ಕಡೆ, ನಾವು ಈ ಕಡೆ. ಆರು ತಿಂಗಳು ತಲೆಕೆಳಗಾಗಿ ನಿಂತ್ರೂ ಒಂದು ಗಾಡಿ ದಾಟಿಸೋಕಾಗಲ್ಲ. ಏನ್ ಮೇಸ್ತ್ರಿ, ಸರಿ ತಾನೆ?"

ಮೇಸ್ತ್ರಿ ಕಟ್ಟೆಯ ಮೇಲಿಂದ ಬಗ್ಗಿ ನೋಡಿದ. ಕೆಳಗೆ ನಾಲ್ವರು ಸಿಪಾಯಿಗಳು ಹಗ್ಗದಲ್ಲಿ ಜೋತುಬಿದ್ದು ಸೇತುವೆಯ ಕಂಬಗಳಿಗೆ ಸಿಡಿಮದ್ದು ತುಂಬಲು ತೂತು ಕೊರೆಯುತ್ತಿದ್ದರು. ವರ್ಷವರ್ಷವೂ ಅದೇ ಹಗ್ಗದಲ್ಲಿ ಜೋತುಬಿದ್ದು ಆ ಕಂಬಗಳ ಪಾಚಿ ಕೆರೆದವನು ಅವನು. ಈ ಕಣಿವೆಯ ರಸ್ತೆಗೆ ಮೂವತ್ತೊಂದು ವರ್ಷದಿಂದ ಅವನೇ ಮೇಸ್ತ್ರಿ. ಸಿಪಾಯಿಗಳು ಕೊರೆದ ಪುಡಿ ಹೊಳೆಗೆ ಬೀಳುವುದನ್ನು ನೋಡಿ ಕ್ಯಾಪ್ಟನ್, ಪಾಪ ಮುದುಕನಿಗೆ ಸೇತುವೆಯ ಸಂಕಟ ಅಂದುಕೊಂಡ. "ಬೇಜಾರು ಮಾಡ್ಕೋಬೇಡಿ, ಇನ್ನೊಂದು ಕಟ್ಟೋಣ," ಎಂದು ಹೆಗಲು ಮುಟ್ಟಿದ. ಸಂಕಟವಿದ್ದದ್ದು ನಿಜ, ಆದರೆ ಅದು ಸೇತುವೆಯದ್ದಾಗಿರಲಿಲ್ಲ.

ಅಲ್ಲಿಂದ ಒಂಬತ್ತು ಕಿಲೋಮೀಟರ್ ಮೇಲಕ್ಕೆ ಹೋದರೆ ಗಡಿ. ಹದಿನೆಂಟು ಕಿಲೋಮೀಟರ್ ಕೆಳಕ್ಕೆ ಇಳಿದರೆ ಪೇಟೆ. ಪೇಟೆಯಲ್ಲಿ ಗಡಿಯಾರದ ಕಂಬದ ಹಿಂದಿನ ಬೀದಿಯಲ್ಲಿ ಮೇಸ್ತ್ರಿಯ ಮಗಳ ಮನೆ. ದೇಶದ ಈ ಅಂಚಿಗೆಲ್ಲ ಬೆಟ್ಟವೇ ಗೋಡೆ, ಗೋಡೆಯಲ್ಲಿ ಇದೊಂದೇ ಸೀಳು. ವ್ಯಾಪಾರಕ್ಕೆ ಬಂದವರೂ ಇಲ್ಲಿಂದಲೇ ಬಂದರು, ಬೆಂಕಿ ಇಡಲು ಬಂದವರೂ ಇಲ್ಲಿಂದಲೇ ಬಂದರು. ಶಾಲೆಯ ಪುಸ್ತಕದಲ್ಲಿ ಅದೆಲ್ಲ ನಾಲ್ಕು ಸಾಲು. ಸೇತುವೆಗೆ ಪಾಯ ತೋಡಿದಾಗ ಮಾತ್ರ ಬುಟ್ಟಿಗಟ್ಟಲೆ ಕುದುರೆ ಲಾಳ, ಈಟಿಯ ಮೊನೆ, ಮೊಳೆ ಹೊಡೆದ ಬೂಟಿನ ಅಟ್ಟೆ ಸಿಕ್ಕಿದ್ದವು. ಗುತ್ತಿಗೆದಾರ ಎಲ್ಲವನ್ನೂ ಗುಜರಿಗೆ ಹಾಕಿದ.

ಆ ಸೇತುವೆ ಕಟ್ಟುವಾಗಲೇ ಮೇಸ್ತ್ರಿ ಇನ್ನೊಂದು ದಾರಿ ಕಟ್ಟಿದ್ದು. ಕಬ್ಬಿಣ, ಸಿಮೆಂಟು ಆಚೆ ದಡಕ್ಕೆ ಹೋಗಬೇಕಿತ್ತಲ್ಲ, ಅದಕ್ಕೆ. ಹೊಳೆಯ ಮೇಲ್ಭಾಗಕ್ಕೆ ಅರ್ಧ ಕಿಲೋಮೀಟರ್ ಹೋದರೆ ದೊಡ್ಡ ಬಂಡೆಯ ಮರೆಯಲ್ಲಿ ಹೊಳೆಯ ತಳ ಪೂರ್ತಿ ಹಾಸುಗಲ್ಲು, ಮೊಣಕಾಲುದ್ದ ನೀರು. ಅಲ್ಲಿಗೆ ಇಳಿದು, ದಾಟಿ, ಆಚೆ ಹತ್ತುವ ತಾತ್ಕಾಲಿಕ ರಸ್ತೆ ಅದು. ಎರಡು ವರ್ಷ ಲಾರಿಗಳು ಓಡಾಡಿದರೂ ಒಂದು ಕಲ್ಲು ಅಲುಗಿರಲಿಲ್ಲ. ಸೇತುವೆ ಮುಗಿದ ಮೇಲೆ ಆಫೀಸಿನಿಂದ ಕಾಗದ ಬಂತು: ತಾತ್ಕಾಲಿಕ ರಸ್ತೆಯನ್ನು ಒಡೆದು ಹಾಕತಕ್ಕದ್ದು.

ಒಳ್ಳೆಯ ರಸ್ತೆಯನ್ನು ಯಾರಾದರೂ ಒಡೆಯುತ್ತಾರೆಯೇ? ಮೇಸ್ತ್ರಿಗೆ ಕೈ ಬರಲಿಲ್ಲ. ಎರಡೂ ತುದಿಗೆ ಕಲ್ಲು ಪೇರಿಸಿದ, ಮುಂದೆ ಪೊದೆ ಬೆಳೆಯಲು ಬಿಟ್ಟ, "ತೆರವು ಮಾಡಲಾಗಿದೆ" ಎಂದು ಬರೆದು ಸಹಿ ಹಾಕಿದ. ನಕ್ಷೆಯಲ್ಲಿ ಅದು ಮೊದಲೇ ಇರಲಿಲ್ಲ, ಈಗ ಕಾಗದದಲ್ಲೂ ಇಲ್ಲವಾಯಿತು. ಆಮೇಲೆ ಪ್ರತಿ ವರ್ಷ ಮಳೆಗೆ ಮೊದಲು ಒಬ್ಬನೇ ಹೋಗಿ ಅದರ ಚರಂಡಿ ಬಿಡಿಸಿ ಬರುತ್ತಿದ್ದ. ಕೆಲವರು ಗುಟ್ಟಾಗಿ ಕುಡಿಯುತ್ತಾರೆ, ಇವನು ಗುಟ್ಟಾಗಿ ಚರಂಡಿ ತೆಗೆಯುತ್ತಿದ್ದ, ಅಷ್ಟೇ.

ಎರಡು ತಿಂಗಳ ಹಿಂದೆ ಒಬ್ಬ ಗಂಡಸು, ಒಬ್ಬ ಹೆಂಗಸು ಬಂದರು. ಕಣಿವೆಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದಾರಂತೆ. ಓದಿದವರು, ಮೆತ್ತಗೆ ಮಾತಾಡುವವರು. ಮೇಸ್ತ್ರಿಯ ಮನೆಯ ಹಜಾರದಲ್ಲಿ ಕೂತು, ಅವನ ಹೆಂಡತಿ ಕೊಟ್ಟ ಚಹಾ ಕುಡಿದು, "ರಸ್ತೆ ಬಗ್ಗೆ ನಿಮಗೆ ಗೊತ್ತಿರೋಷ್ಟು ಯಾವ ಎಂಜಿನಿಯರಿಗೂ ಗೊತ್ತಿಲ್ವಂತೆ," ಎಂದರು. ಮೂವತ್ತೊಂದು ವರ್ಷದಲ್ಲಿ ಅವನನ್ನು ಹಾಗೆ ಕೂರಿಸಿಕೊಂಡು ಕೇಳಿದವರು ಯಾರೂ ಇರಲಿಲ್ಲ. ಮೇಸ್ತ್ರಿ ಉಬ್ಬಿಹೋದ. ಯಾವ ತಿರುವಿನಲ್ಲಿ ಎಷ್ಟು ಅಗಲ, ಯಾವ ಮೋರಿ ಎಷ್ಟು ಭಾರ ತಡೆಯುತ್ತದೆ, ಹಿಮ ಯಾವ ವಾರ ಕರಗುತ್ತದೆ, ಎಲ್ಲ ಒದರಿದ. ಹೆಂಗಸು ಬರೆದುಕೊಂಡಳು. "ನಿಮ್ಮ ದೇಶದ ಚರಿತ್ರೆ ಅಂದ್ರೆ ಇನ್ನೇನಿದೆ ಹೇಳಿ, ಈ ಬಾಗಿಲು ತೆಗೆದಿದ್ದು, ಮುಚ್ಚಿದ್ದು, ಅಷ್ಟೇ," ಎಂದು ಗಂಡಸು ನಕ್ಕ. ಆ 'ನಿಮ್ಮ' ಆ ಹೊತ್ತಿನಲ್ಲಿ ಕಿವಿಗೆ ತಾಗಲೇ ಇಲ್ಲ. ಸಂಜೆ ಇನ್ನೂ ಬೆಳಕಿರುವಾಗ ತಾನಾಗಿಯೇ ಕರೆದುಕೊಂಡು ಹೋಗಿ ಆ ಹಳೇ ರಸ್ತೆಯನ್ನೂ ತೋರಿಸಿದ. ಮೊದಲ ಸಲ ಯಾರಿಗಾದರೂ ತೋರಿಸಿದ್ದು! ಗಂಡಸು ಬಗ್ಗಿ ಕಲ್ಲಿನ ಹಾಸು ಮುಟ್ಟಿ, "ಎಂಥ ಕೆಲಸ," ಎಂದ. ಮೇಸ್ತ್ರಿಯ ಕಣ್ಣು ತುಂಬಿ ಬಂದಿತ್ತು.

ಈಗ ಗಡಿಯಾಚೆ ಸೈನ್ಯ ಸೇರಿದೆಯಂತೆ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮಗಳು.

"ಅಪ್ಪ, ಅತ್ತೆ ಗಂಟುಮೂಟೆ ಕಟ್ಟಿ ಬಾಗಿಲಲ್ಲಿ ಕೂತಿದಾರೆ. ಮೈಕಲ್ಲಿ ನೋಡಿದ್ರೆ ಯಾರೂ ಊರು ಬಿಡಬೇಡಿ, ಸೇತುವೆ ಒಡೀತೀವಿ ಅಂತ ಕೂಗ್ತಿದಾರೆ. ಬೀದಿಯೋರೆಲ್ಲ ನನ್ನ ಜೀವ ತಿಂತಿದಾರೆ, ನಿಮ್ಮಪ್ಪ ಏನಂತಾರೆ, ನಿಮ್ಮಪ್ಪ ಏನಂತಾರೆ ಅಂತ. ಸೇತುವೆ ಹೋದ್ರೆ ಅವರು ಬರೋಕಾಗಲ್ಲ ತಾನೆ?"

"ಆಮೇಲೆ ಹೇಳ್ತೀನಿ ಮಗಳೇ."

"ಆಮೇಲಾ? ರಸ್ತೆ ವಿಷಯದಲ್ಲಿ ನೀನು ಯಾವತ್ತಪ್ಪ ಆಮೇಲೆ ಅಂದಿದ್ದು?"

ಕೆಲಸಗಾರರ ವಸತಿಯ ಕೊನೆಯ ಮನೆ ಅವನದು. ಹೆಂಡತಿ ತಟ್ಟೆ ಹಾಕಿ ಕಾಯುತ್ತಿದ್ದಳು. ಅವನು ಕೂರಲಿಲ್ಲ. ಬಾಗಿಲಿಗೆ ಒರಗಿ ನಿಂತುಕೊಂಡೇ ಎಲ್ಲವನ್ನೂ ಹೇಳಿದ: ಒಡೆಯದ ರಸ್ತೆ, ಸುಳ್ಳು ಸಹಿ, ಬಂದವರು, ತಾನು ತೋರಿಸಿದ್ದು.

"ಅಯ್ಯೋ, ಆ ಹೆಂಗಸು ನಮ್ಮನೆ ಚಹಾ ಕುಡಿದು ಲೋಟ ತೊಳೆದಿಟ್ಟು ಹೋದ್ಲಲ್ರೀ," ಎಂದಳು ಹೆಂಡತಿ, ಅದೇ ದೊಡ್ಡ ಮೋಸವೆಂಬಂತೆ. ತಟ್ಟೆಯ ಪಕ್ಕ ಕೂತಳು. "ಕ್ಯಾಪ್ಟನ್‌ಗೆ ಹೇಳಿದ್ರೆ ನಿಮ್ಮನ್ನ ಬಿಡ್ತಾರಾ?"

"ಬಿಡಲ್ಲ. ದೇಶದ್ರೋಹ ಅಂತಾರೆ. ಅಂದ್ರೆ ತಪ್ಪೇನಿದೆ?"

"ಹೇಳದಿದ್ರೆ?"

ಹೇಳದಿದ್ದರೆ ಇಡೀ ಪೇಟೆ ಮೈಕಿನ ಮಾತು ನಂಬಿ ಮನೆಯಲ್ಲೇ ಕೂತಿರುತ್ತದೆ. ಮೊಮ್ಮಗಳು ಕೂಡ.

ಅವಳು ಎದ್ದು ಬಡಿಸಿದ ತಟ್ಟೆಗೆ ಇನ್ನೊಂದು ತಟ್ಟೆ ಕವುಚಿದಳು. "ಚಪ್ಪಲಿ ಹಾಕ್ಕೊಳ್ಳಿ. ಊಟ ಆಮೇಲಾಯ್ತು. ನಾನೂ ಬರ್ತೀನಿ, ಒಬ್ರನ್ನೇ ಬಿಟ್ರೆ ದಾರೀಲಿ ಎಲ್ಲಾದ್ರೂ ಚರಂಡಿ ನೋಡ್ತಾ ನಿಂತುಬಿಡ್ತೀರ." ಇಂಥ ಹೊತ್ತಿನಲ್ಲೂ ಅವಳಿಗೆ ಅದೊಂದು ಮಾತು ಸಿಕ್ಕಿತು.

ಕ್ಯಾಪ್ಟನ್ ಮೊದಲು ನಕ್ಕ, ಆಮೇಲೆ ನಗುವುದನ್ನು ನಿಲ್ಲಿಸಿದ. ನಕ್ಷೆ ಬಿಡಿಸಿ ಜೀಪಿನ ಬಾನೆಟ್ಟಿನ ಮೇಲೆ ಹಾಸಿದ. "ಎಲ್ಲಿ? ಇಲ್ಲಿ ಏನೂ ಇಲ್ವಲ್ಲ."

"ಅದರಲ್ಲಿ ಇರಲ್ಲ ಸಾರ್. ಬನ್ನಿ, ತೋರಿಸ್ತೀನಿ."

ಹೆಂಡತಿಯನ್ನು ಜೀಪಿನ ಬಳಿ ಬಿಟ್ಟು, ಮೇಸ್ತ್ರಿ ಮುಂದೆ, ಕ್ಯಾಪ್ಟನ್ ಮತ್ತು ಆರು ಮಂದಿ ಹಿಂದೆ, ಪೊದೆ ಸರಿಸಿ, ಕಲ್ಲಿನ ರಾಶಿ ಹತ್ತಿ ಇಳಿದರು. ಬಂಡೆಯ ಮರೆ ದಾಟಿದ್ದೇ ರಸ್ತೆ ಕಣ್ಣೆದುರು ಬಿಚ್ಚಿಕೊಂಡಿತು. ಎರಡು ಲಾರಿ ಅಕ್ಕಪಕ್ಕ ಹೋಗುವಷ್ಟು ಅಗಲ. ಕ್ಯಾಪ್ಟನ್ ನೀರಿನ ಅಂಚಿನವರೆಗೂ ಇಳಿದು ಆಚೆ ದಡ ನೋಡಿದ. ಆಚೆ ತುದಿಯಲ್ಲಿ ಮೇಸ್ತ್ರಿ ಪೇರಿಸಿದ್ದ ಕಲ್ಲುಗಳು ಅಲ್ಲಿರಲಿಲ್ಲ. ಪಕ್ಕಕ್ಕೆ ಸಾಲಾಗಿ ಜೋಡಿಸಿಟ್ಟಿದ್ದರು. ಪೊದೆ ಕಡಿದ ಬುಡಗಳು ಇನ್ನೂ ಹಸಿಯಾಗಿದ್ದವು.

ಮೇಸ್ತ್ರಿ ನೀರಿಗಿಳಿದು ದಾಟಿದ. ಯಾರೋ "ಏಯ್, ನಿಲ್ಲಿ," ಎಂದರು, ಅವನಿಗೆ ಕೇಳಿಸಲಿಲ್ಲ. ಆಚೆ ದಡದ ಚರಂಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಚರಂಡಿ ಚೊಕ್ಕಟವಾಗಿತ್ತು. ಮಣ್ಣನ್ನು ಇಳಿಜಾರಿನ ಕಡೆಗೆ ಎಸೆದು, ಬಾಯಿಗೆ ಚಪ್ಪಟೆ ಕಲ್ಲು ಕೊಟ್ಟಿದ್ದರು. ಕೆಲಸ ಬಲ್ಲವರ ಕೈ.

"ಚೆನ್ನಾಗಿಯೇ ಇಟ್ಕೊಂಡಿದೀರಿ," ಎಂದ ಹಿಂದೆಯೇ ದಾಟಿ ಬಂದಿದ್ದ ಕ್ಯಾಪ್ಟನ್, ಹಲ್ಲು ಕಚ್ಚಿ.

"ನಾನಲ್ಲ ಸಾರ್. ಮಂಡಿನೋವು ಅಂತ ಈ ವರ್ಷ ನಾನಿನ್ನೂ ಚರಂಡಿಗೆ ಕೈ ಹಚ್ಚೇ ಇಲ್ಲ."

ಸಿಪಾಯಿಗಳೆಲ್ಲ ಒಂದೇ ಸಲ ಮೇಲಿನ ಬೆಟ್ಟದ ಕಡೆ ನೋಡಿದರು. ಅಲ್ಲಿ ಬಿಸಿಲಿತ್ತು, ಕಲ್ಲಿತ್ತು, ಒಂದು ಹಕ್ಕಿಯೂ ಇರಲಿಲ್ಲ. ಮೇಸ್ತ್ರಿಗೆ ಮಾತ್ರ ಆ ಗಂಡಸು, ಹೆಂಗಸು ಎಲ್ಲಿಂದಲೋ ತನ್ನನ್ನು ನೋಡುತ್ತಿದ್ದಾರೆ, ಅವತ್ತಿನ ಹಾಗೆಯೇ ಮೆಚ್ಚಿಕೊಂಡು ನೋಡುತ್ತಿದ್ದಾರೆ ಅನ್ನಿಸಿತು.

"ಸೇತುವೆಗೆ ತಂದ ಮದ್ದು ಇಲ್ಲಿಗೆ ಸಾಕಾಗುತ್ತಾ?" ಕ್ಯಾಪ್ಟನ್ ತನ್ನ ಹವಾಲ್ದಾರನನ್ನು ಕೇಳಿದ.

"ಸೇತುವೆ ಕಂಬ ಮೂರು ಸಾರ್. ಇದು ಬಂಡೆ. ಎಲ್ಲಿಗೆ ಅಂತ ಇಡೋದು?"

ಕ್ಯಾಪ್ಟನ್ ಮೇಸ್ತ್ರಿಯ ಕಡೆ ತಿರುಗಿದ. ವಯಸ್ಸಿನಲ್ಲಿ ಅಳಿಯನಿಗಿಂತ ಚಿಕ್ಕವನು. ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಕಾಣಿಸುತ್ತಿತ್ತು. "ನಿಮ್ಮ ವಿಚಾರ ಆಮೇಲೆ ನೋಡ್ಕೋತೀನಿ. ಈಗ ಹೇಳಿ, ಕೈಯಲ್ಲಿ ಒಡೆದ್ರೆ ಎಷ್ಟು ದಿನ ಬೇಕು?"

"ಎಷ್ಟು ಜನ ಸಾರ್?"

"ನಲವತ್ತು."

"ಎಂಟು ದಿನ."

"ನಮಗೆ ಇರೋದು ಎರಡು. ಅದೂ ಇದ್ರೆ."

"ಒಂದು ಫೋನು ಮಾಡ್ತೀನಿ ಸಾರ್. ಮಗಳಿಗೆ."

ಕ್ಯಾಪ್ಟನ್ ತಡೆಯಬೇಕಿತ್ತು. ಪೇಟೆಯಲ್ಲಿ ಗದ್ದಲವಾಗುತ್ತದೆ, ಜನ ರಸ್ತೆಗೆ ಬೀಳುತ್ತಾರೆ. ಅವನು ಹೊಳೆಯ ಕಡೆಗೆ ತಿರುಗಿ ನಿಂತುಕೊಂಡ.

"ಮಗಳೇ, ಹೊರಡಿ. ಈಗಲೇ. ಅತ್ತೆ ಕಟ್ಟಿದ ಗಂಟು ಸಾಕು, ಇನ್ನೇನೂ ತಗೋಬೇಡಿ. ಬೀದಿಯೋರಿಗೆಲ್ಲ ಹೇಳು."

"ಮೈಕಲ್ಲಿ ಇನ್ನೂ ಕೂಗ್ತಾನೇ ಇದಾರಲ್ಲಪ್ಪ, ಬೇಡ ಅಂತ."

"ನಾನು ಹೇಳ್ತಿದೀನಿ."

ಆ ಕಡೆ ಅವಳು ಯಾರಿಗೋ, "ಅಪ್ಪ ಹೊರಡಿ ಅಂದ್ರು," ಎಂದದ್ದು, ಒಂದು ಪಾತ್ರೆ ನೆಲಕ್ಕೆ ಬಿದ್ದದ್ದು ಕೇಳಿಸಿತು. "ನೀನು, ಅಮ್ಮ?" ಎಂದಳು.

"ನನಗೆ ಇಲ್ಲಿ ಸ್ವಲ್ಪ ಕೆಲಸ ಇದೆ. ಅಮ್ಮನ್ನ ಜೀಪಲ್ಲಿ ಕಳಿಸ್ತೀನಿ."

ಫೋನು ಜೇಬಿಗೆ ಹಾಕಿ ಸಿಪಾಯಿಯೊಬ್ಬನ ಕೈಯಿಂದ ಹಾರೆ ಇಸಿದುಕೊಂಡ. ಇಡೀ ರಸ್ತೆಯಲ್ಲಿ ಎಲ್ಲಿ ಬಲ ಕಡಿಮೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ತಿರುವಿನ ಹೊರಮೈಯ ಎರಡನೇ ಸಾಲು. ಅಲ್ಲಿ ಒಂದು ಕಲ್ಲು ಸಣ್ಣದಾಗಿತ್ತು, ಕಟ್ಟುವಾಗ ಅದಕ್ಕೊಂದು ಚಕ್ಕೆ ಕೊಟ್ಟು ಬಿಗಿ ಮಾಡಿದ್ದ. ಹುಡುಕಬೇಕಾಗಲಿಲ್ಲ, ನೇರ ಅಲ್ಲಿಗೇ ಹೋದ. ಹಾರೆಯ ಮೊನೆಯನ್ನು ಸಂದಿಗೆ ಕೊಟ್ಟು, ಮಂಡಿ ಊರಿ, ಇಡೀ ಮೈಭಾರ ಹಾಕಿ ಒತ್ತಿದ. ಸಿಪಾಯಿಗಳು ಸುತ್ತ ಬಂದು ನಿಂತರು. ಇನ್ನಿಬ್ಬರು ಹಾರೆಗೆ ಕೈ ಕೊಟ್ಟರು. ಮೂವರೂ ಮತ್ತೆ ಒತ್ತಿದರು. ಹಾರೆ ಬಾಗಿತು. ಕಲ್ಲು ಇದ್ದಲ್ಲೇ ಇತ್ತು.