ಬಸ್ಸಿನ ಮಂದಿ ಬಲ್ಲ ಸಾವಂತ್ರೆವ್ವ

ಗೋಡೆಗೆ ಒರಗಿಸಿ ಕೂಡಿಸಿದ್ದ ಗಂಡನ ತಲೆಗೆ ರುಮಾಲು ಸುತ್ತುತ್ತಿದ್ದ ಸಾವಂತ್ರೆವ್ವನನ್ನು ನಾದಿನಿ ದಾಕ್ಷಾಯಿಣಿ ಮೊಣಕೈಯಿಂದ ತಿವಿದಳು.

"ಅಳು ವೈನಿ. ಅಣ್ಣನ ಗುಣ ಎತ್ತಿ ಹಾಡಿ ಅಳು. ಮಂದಿ ನೋಡಾಕತ್ತೈತಿ. ಹೆಂಡತಿ ಬಾಯಿ ಬಿಡಲಾರದ ಹೆಣ ಎತ್ತಾಕ ಬರತೈತೇನು?"

ಗಂಡ ಉದ್ದಪ್ಪನ ಯಾವ ಗುಣ ಎತ್ತಬೇಕು? ಕುಡಿದವನಲ್ಲ, ಹೊಡೆದವನಲ್ಲ. ಕುಲಗೋಡದಿಂದ ನಸುಕಿನ ಬಸ್ಸು ಹಿಡಿದು ಗೋಕಾಕದ ಅರಿವೆ ಅಂಗಡಿಗೆ ಹೋಗುವುದು, ದೀಪ ಹಚ್ಚಿದ ಮೇಲೆ ಬಂದು ಉಂಡು ಮಲಗುವುದು. ಊರೂ ಈಗ ಅವನ ಹಾಗೆಯೇ ಆಗಿತ್ತು. ಹಿಂದೆ ಸಂತೆಯ ದಿನವಷ್ಟೇ ಗೋಕಾಕ ಕಾಣುತ್ತಿದ್ದ ಊರು ಈಗ ದಿನಾ ನಸುಕಿಗೆ ಅರ್ಧ ಖಾಲಿಯಾಗಿ, ಕಟ್ಟೆಯ ಮೇಲೆ ಮುದುಕರನ್ನೂ ನಾಯಿಗಳನ್ನೂ ಉಳಿಸಿಕೊಂಡು ಸಂಜೆಯ ಹಾದಿ ಕಾಯುತ್ತಿತ್ತು. ಶಿವ ಕೊಟ್ಟದ್ದೇ ಇಷ್ಟು ಎಂದು ಅವಳೂ ಕೈಮುಗಿದು ಬಾಳಿದ್ದಳು.

ಕಡೆಗೆ ದನಿ ತೆಗೆದಳು. "ಮಾತಿಲ್ಲದ ನನ್ನ ದೊರಿಯೇ... ಮೂಕ ಬಸವನಂಥಾವನೇ..."

ಅದೇ ಹೊತ್ತಿಗೆ ಮಾಲೆ ಹಿಡಿದು ಅಂಗಳಕ್ಕೆ ಬಂದ ಪರವೂರಿನ ಐದಾರು ಮಂದಿ ಗಕ್ಕನೆ ನಿಂತರು. ಹೆಂಗಸರ ಗುಂಪಿನಾಚೆ ಹೆಣ ಕಾಣುತ್ತಿರಲಿಲ್ಲ. ಮುಂದಿದ್ದ ಕಿರಾಣಿ ಅಂಗಡಿಯ ಯಾಸೀನ ಹಿಂದಕ್ಕೆ ಸರಿದು, ನರ್ಸ್ ತಬಸ್ಸುಮಳಿಗೆ ಪಿಸುಗುಟ್ಟಿದ.

"ಆಪಾ, ನಾವು ಬ್ಯಾರೆ ಯಾರದೋ ಮನಿಗೆ ಬಂದೇವಿ. ಸತ್ತಾವ ಮೂಕ ಅಂತ!"

ತಬಸ್ಸುಮ ಇಣುಕಿದಳು. "ಮಾರಿ ಉದ್ದಪ್ಪ ಕಾಕಾಂದ ಐತಲ್ಲೋ."

"ಯಾರ್ರಿ ನೀವು?" ಎಂದಳು ದಾಕ್ಷಾಯಿಣಿ.

"ನಸುಕಿನ ಬಸ್ಸಿನವರ್ರಿ, ಹಾದಿ ಮ್ಯಾಲಿನ ಊರವರು. ಕಾಕಾ ಬಾಯಿ ತಗದ್ರ ಗೋಕಾಕ ಬಂದದ್ದ ತಿಳೀತಿರಲಿಲ್ರಿ. ಕಂಡಕ್ಟರ್ ಸೀಟಿ ಊದೂದು ಮರೀತಿದ್ದ" ಎಂದ ಯಾಸೀನ.

ಸಾವಂತ್ರೆವ್ವನ ರಾಗ ನಿಂತಿತು. ತಬಸ್ಸುಮ ಹತ್ತಿರ ಬಂದು ಅವಳ ಕೈ ಹಿಡಿದಳು.

"ನೀವ ಏನ್ರಿ ಸಾವಂತ್ರೆವ್ವ ಕಾಕಿ? 'ನಮ್ಮ ಸಾವಂತ್ರಿ ನಿನ್ನೆ ಏನಂದ್ಳು ಗೊತ್ತೇನು' ಅಂತಾನ ದಿನಾ ಸುರು ಮಾಡತಿದ್ರು. ಏನ್ ಬಾಯ್ರಿ ನಿಮ್ಮದು!"

ಬಸ್ಸಿನವರೆಲ್ಲ ಅವಳ ತುಟಿಯನ್ನೇ ನೋಡಿದರು, ಈಗೇನೋ ಅಂದಾಳು ಎಂಬಂತೆ.

"ನಮ್ಮ ವೈನಿ? ಇಕಿ ಬಾಯಾಗ ಮುತ್ತು ಇಟ್ಟರ ಇಟ್ಟಂಗ ಇರತಾವು. ಅಣ್ಣ ಮತ್ತ ಯಾರನ್ನರ..." ದಾಕ್ಷಾಯಿಣಿ ನಾಲಿಗೆ ಕಚ್ಚಿಕೊಂಡಳು.

ಸಾವಂತ್ರೆವ್ವ ಗಂಡನ ಮುಖದತ್ತ ತಿರುಗಿದಳು. ತನ್ನ ಹೆಸರು ಹೊತ್ತ ಆ ಮಾತುಗಾತಿ ಯಾರು? ಎದುರಿಗೆ ಕೂತವನು ಯಾರ ಗಂಡ? ಯಾರಿಗೆಂದು ಅಳಬೇಕು?

*

ಮದುವೆಯಾದಾಗ ಹಿರಿಯರೆದುರು ಗಂಡ ಹೆಂಡತಿ ಮಾತಾಡುವ ಹಾಗಿರಲಿಲ್ಲ. ಪಡಸಾಲೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಬಹಳ ವರ್ಷ ಬಾಳಿದಳು. ಆಕೆ ಶಿವನ ಪಾದ ಸೇರಿದ ಮೇಲೆ ಇಬ್ಬರೂ ಎದುರುಬದರು ಕೂತರು. ಮಾತು ಎಲ್ಲಿಂದ ಸುರು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

"ಸಾರು ಬಿಸಿ ಐತಿ" ಎಂದಳು.

"ಹೂಂ" ಎಂದ.

ಅವಳು ಎದ್ದು ಕೊಟ್ಟಿಗೆಗೆ ಹೋಗಿ, ಎಂದಿನಂತೆ ಎಮ್ಮೆಯ ಜೊತೆ ಮಾತಿಗಿಳಿದಳು. ಅವನು ಕೊಟ್ಟಿಗೆಯ ಹೊರಗೋಡೆಗೆ ಬೆನ್ನು ಹಚ್ಚಿ ತಂಬಾಕು ತಿಕ್ಕುತ್ತ ಕೂತ. ದಿನಾ ಅಲ್ಲೇ ಕೂಡುತ್ತಿದ್ದ. ಗಾಳಿಗೆಂದು ಅವಳು ತಿಳಿದಿದ್ದಳು.

*

"ಏನಂತಿದ್ಲವ್ವಾ ಆ ಸಾವಂತ್ರಿ?" ಸಾವಂತ್ರೆವ್ವ ಕೇಳಿದಳು.

ತಬಸ್ಸುಮ ತಡವರಿಸಿದಳು. "ಮೊನ್ನಿ ಹೇಳಿದ್ದು... 'ಏನವ್ವಾ ಗೌಡಸಾನಿ, ತಿನ್ನೂದು ಬುಟ್ಟಿ, ಕೊಡೂದು ಬಟ್ಟಲ. ಹಿಂಡಿ ಕಂಡ್ರ ಕೈ ನೆಕ್ಕತಿ, ಹಾಲಿನ ಚರಗಿ ಕಂಡ್ರ ಒದೀತಿ. ನೀನೂ ಇಲೆಕ್ಷನ್ನಿಗೆ ನಿಂದ್ರು' ಅಂದ್ರಂತ."

ಸಾವಂತ್ರೆವ್ವ ಕೊಟ್ಟಿಗೆಯ ಕಡೆ ಕೈ ತೋರಿದಳು.

"ಅದು... ಅದು ನಾ ಎಮ್ಮಿಗೆ ಅಂದದ್ದವ್ವಾ."

ಉದ್ದಪ್ಪನನ್ನು ಬಿದಿರು ಕಟ್ಟಿ ಹೂವು ಏರಿಸಿದ ವಿಮಾನದಲ್ಲಿ ಕೂಡಿಸಿ ಎತ್ತಿದರು. ಯಾಸೀನನೂ ಹೆಗಲು ಕೊಟ್ಟ. ಸಾವಂತ್ರೆವ್ವ ಅಡ್ಡ ಬಂದು ಬಿದಿರಿನ ಗಳು ಹಿಡಿದಳು. ಬಿದ್ದಾಳೆಂದು ದಾಕ್ಷಾಯಿಣಿ ಓಡಿ ಬಂದಳು. ಬೀಳಲಿಲ್ಲ, ಕತ್ತೆತ್ತಿ ಅವನ ಮುಖ ನೋಡಿದಳು.

"ಕಳ್ಳ! ಗ್ವಾಡಿ ಹಿಂದ ಕುಂತು ಕದ್ದು ಕೇಳತಿದ್ದೇನು? ಮನಿಗೆ ಬಂದ್ರ ನಿನ್ನ ನಾಲಿಗಿ ಗೂಟಕ್ಕ ಕಟ್ಟಿರತಿದ್ದೇನು? ಈಗ ನೋಡು, ಸರದಾರನಂಗ ಮಂದಿ ಹೆಗಲೇರಿ ಹೊಂಟಿ. ಟಿಕೆಟ್ ತಗದಿಯೇನು?"

ಬಸ್ಸಿನವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ತಬಸ್ಸುಮ ದುಪಟ್ಟಾವನ್ನು ಬಾಯಿಗೊತ್ತಿಕೊಂಡಳು. ಕಣ್ಣು ತುಂಬಿ ಹರಿಯುತ್ತಿತ್ತು. ಊರವರು ಒಬ್ಬರ ಮುಖ ಒಬ್ಬರು ನೋಡಿದರು. ಶಂಖ ಊದಲು ಕೈ ಎತ್ತಿದ್ದ ಅಯ್ಯನವರು ಮೆಲ್ಲಗೆ ಕೈ ಇಳಿಸಿದರು.

ಸಾವಂತ್ರೆವ್ವ ಹೇಳುತ್ತಲೇ ಇದ್ದಳು. ಹೊತ್ತವರು ಹೆಗಲಿಂದ ಹೆಗಲಿಗೆ ಭಾರ ಬದಲಿಸಿಕೊಳ್ಳುತ್ತ ಬಿಸಿಲಲ್ಲೇ ನಿಂತರು. ಯಾರೂ ಹೆಜ್ಜೆ ಎತ್ತಲಿಲ್ಲ.