ಏಳನೇ ನಡೆಯ ಪಾಠ

"ಮತ್ತೆ ಏಳನೇ ನಡೆಗೆ ಬಾ," ಎಂದು ಅಣ್ಣ ಕಾಯಿಗಳನ್ನೆಲ್ಲ ಹಿಂದಕ್ಕೆ ಜೋಡಿಸತೊಡಗಿದ. ಬೆಳಿಗ್ಗೆಯಿಂದ ಇದೇ ಆಗಿತ್ತು. ತಂಗಿ ನಿನ್ನೆ ಟೂರ್ನಮೆಂಟಿನಲ್ಲಿ ಡ್ರಾ ಮಾಡಿಕೊಂಡ ಚೆಸ್ ಆಟವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಓಪನಿಂಗಿನಲ್ಲಿ ಅವಳು ಎಲ್ಲಿ ಎಡವಿದಳೆಂದು ಪಾಠ ಹೇಳುತ್ತಿದ್ದ. ಏಳನೇ ನಡೆಯಲ್ಲಿ ಒಂಟೆಯನ್ನು ಸುಮ್ಮನೆ ಹಿಂದಕ್ಕೆಳೆದದ್ದು ತಪ್ಪು, ಅಲ್ಲಿ ಕುದುರೆ ಹೊರಬರಬೇಕಿತ್ತು. ಅಷ್ಟನ್ನು ಅವಳು ಮೊದಲ ಸಲವೇ ಒಪ್ಪಿದ್ದಳು. ಒಪ್ಪಿದ ಮೇಲೂ ಅವನು ಅದನ್ನೇ ಅರೆಯುತ್ತಿದ್ದ.

ಇಬ್ಬರೂ ಒಂದೇ ಛಾಪಖಾನೆಯಲ್ಲಿ ಕೆಲಸಕ್ಕಿದ್ದರು. ಅವನು ಯಂತ್ರದ ಮೇಲೆ, ಅವಳು ಕರಡು ತಿದ್ದುವಲ್ಲಿ. ಛಾಪಖಾನೆಯ ಚೆಸ್ ತಂಡಕ್ಕೆ ಅವನೇ ಕ್ಯಾಪ್ಟನ್, ಯಾರು ಆಡಬೇಕೆಂದು ಆರಿಸುವವನೂ ಅವನೇ. ತಂಡದ ಪಂದ್ಯಗಳಲ್ಲಿ ಕ್ಯಾಪ್ಟನ್ ನಡೆ ಹೇಳಿಕೊಡುವಂತಿಲ್ಲ. ಎದುರಾಳಿ ಡ್ರಾ ಕೇಳಿದರೆ ಒಪ್ಪು ಅಥವಾ ಬೇಡ ಎನ್ನಬಹುದು, ಅಷ್ಟೇ. ನಿನ್ನೆ ಎದುರಾಳಿ ಡ್ರಾ ಕೇಳಿದಾಗ ಅವಳು ರೂಢಿಯಂತೆ ತಲೆಯೆತ್ತಿ ಅಣ್ಣನನ್ನು ನೋಡಿದ್ದಳು. ಅವನು ಹಲಗೆಯ ಮೇಲೆ ಒಮ್ಮೆ ಕಣ್ಣಾಡಿಸಿ "ಒಪ್ಕೋ" ಅಂದಿದ್ದ. ಅವಳು ಒಪ್ಪಿದ್ದಳು. ಆಗಿನಿಂದ ಅವಳಿಗೆ ಸಿಟ್ಟು. ಅದು ಅವಳು ಗೆಲ್ಲುವ ಆಟವಾಗಿತ್ತು.

ಈಗ ಅವನ ತೀರ್ಮಾನವೂ ಹೊರಬಿತ್ತು. ಓಪನಿಂಗ್ ಸರಿಹೋಗುವ ತನಕ ಅವಳು ಕೂತು ನೋಡಲಿ, ಮುಂದಿನ ಭಾನುವಾರದ ಫೈನಲ್‌ನಲ್ಲಿ ಬೈಂಡಿಂಗ್ ವಿಭಾಗದ ಮೇಸ್ತ್ರಿ ಆಡಲಿ. ಆ ಮೇಸ್ತ್ರಿಯೋ, ಕುದುರೆ ನಡೆಸುವಾಗ ಇನ್ನೂ ಬೆರಳಲ್ಲಿ ಮನೆ ಎಣಿಸುವ ಆಸಾಮಿ. ಅವಳಿಗೆ ಪಿತ್ತ ನೆತ್ತಿಗೇರಿತು. ಆ ಕುರ್ಚಿ ಅವಳದು, ಅವಳಿಗೆ ಅದು ಬೇಕಿತ್ತು.

"ಏಳನೇ ನಡೆ ಬಿಡು. ಒಪ್ಕೋ ಅಂದ್ಯಲ್ಲ, ಅಲ್ಲಿಂದ ಆಡೋಣ."

ಅಡಿಪಾಯವೇ ಸರಿಯಿಲ್ಲದ ಮೇಲೆ ಅಲ್ಲಿ ನೋಡುವುದೇನಿದೆ ಎಂದು ಅವನು ಗೊಣಗಿದ. ಅವಳು ಕ್ಯಾರೇ ಎನ್ನದೆ ಸರಸರನೆ ಕಾಯಿ ಇಟ್ಟಳು. ಹಲಗೆ ಅರ್ಧ ಖಾಲಿಯಾಯಿತು. ಬಿಳಿಯ ಆನೆ ಕರಿಯ ರಾಜನ ಮನೆಬಾಗಿಲಿಗೇ ಬಂದು ನಿಂತಿತ್ತು. ಅಂಚಿನ ಬಿಳಿ ಕಾಲಾಳಿನ ಮುಂದೆ ದಾರಿ ಖಾಲಿ. ನಿನ್ನೆಯ ಹಾಗೇ ಬಿಳಿ ತಾನಿಟ್ಟುಕೊಂಡು, ಕರಿಯ ಕಾಯಿಗಳ ಕಡೆಯನ್ನು ಅಣ್ಣನತ್ತ ತಿರುಗಿಸಿ, ತನ್ನ ನಡೆ ನಡೆಸಿದಳು.

"ಈಗ ಆಡು. ನಿನ್ನೆ ನೀನು ಹಲಗೆ ನೋಡಿ ಒಪ್ಕೋ ಅಂದ್ಯಾ, ಆಡ್ತಿರೋಳು ನಾನು ಅಂತ ನೋಡಿ ಅಂದ್ಯಾ?"

ಅವನು ಒಂದು ಕಾಯಿ ಸರಿಸಿದ. ಮೇಜು ಬಿಡಿ ಎನ್ನಲು ಬಂದ ಅಮ್ಮ ಇಬ್ಬರ ಮುಖ ನೋಡಿ, ತಟ್ಟೆಗಳನ್ನು ಹಿಡಿದುಕೊಂಡೇ ಒಳಗೆ ಹೋದಳು. ಮೊದಮೊದಲು ಪಟಪಟನೆ ಆಡುತ್ತಿದ್ದವನು ಬರಬರುತ್ತ ಗಲ್ಲಕ್ಕೆ ಕೈ ಕೊಟ್ಟು ಕೂತ. ಅವಳು ಕಾಲಾಳನ್ನು ಒಂದೊಂದೇ ಮನೆ ಮುಂದಕ್ಕೆ ತಂದಳು, ಪ್ರತಿ ಸಲವೂ ಕುಕ್ಕಿ ಇಟ್ಟಳು. ಗೆಲ್ಲುತ್ತಿದ್ದರೂ ಸಿಟ್ಟು ಇಳಿಯಲಿಲ್ಲ. ಇದೆಲ್ಲ ನಿನ್ನೆ, ಅಷ್ಟು ಜನರೆದುರು ಆಗಬೇಕಿತ್ತು.

ಕೊನೆಗೆ ಅವನು ಹಿಂದಕ್ಕೊರಗಿ, ದೊಡ್ಡ ಮನಸ್ಸು ಮಾಡಿದವನಂತೆ ನಕ್ಕು, ಕೈ ಚಾಚಿದ.

"ಸರಿ ಕಣಮ್ಮ, ಡ್ರಾ ಮಾಡ್ಕೊಳ್ಳೋಣ."

ಅವಳು ಆ ಕೈ ಮುಟ್ಟಲಿಲ್ಲ.

"ಕ್ಯಾಪ್ಟನ್ ಬೇಡ ಅಂತಿದಾಳೆ. ಆಡು."

ಚಾಚಿದ ಕೈಯನ್ನು ಅವನು ನಿಧಾನವಾಗಿ ಹಲಗೆಗೆ ತಂದ. ರಾಜನನ್ನು ಎತ್ತಿದ. ಎಲ್ಲಿಡುವುದೆಂದು ತೋಚದೆ ಕೈ ಹಾಗೇ ನಿಂತಿತು.